ಯಾವ ಫೈಲ್ ಎಲ್ಲಿರಬೇಕು? ವಿಂಡೋಸ್ 11 ಕುರಿತು ಪ್ರೋಗ್ರಾಮರ್‌ಗಳ ಪ್ರಶ್ನೆಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದೀಚೆಗೆ ಈ ಅಂಕಣಕ್ಕೆ ಬರುವ ಪತ್ರಗಳ ದಿಕ್ಕೇ ಬದಲಾಗಿದೆ. ಬರೆಯುವವರು ಕಾಲೇಜಿನ ಮಕ್ಕಳು, ಮೊದಲ ಕೆಲಸಕ್ಕೆ ಸೇರಿದವರು, ಊರಿನ ಅಂಗಡಿಗೋ ಸಂಘಕ್ಕೋ ಒಬ್ಬರೇ ಕುಳಿತು ತಂತ್ರಾಂಶ ಮಾಡಿಕೊಡುವವರು. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದೇ ಆದರೂ ಇವರಲ್ಲಿ ಅನೇಕರಿಗೆ ಅದು ಈಗಷ್ಟೇ ಹೊಸದು. ನಾನು ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆದು, ಈಗ ಧಾರವಾಡದಲ್ಲಿ ಸಂಜೆಯ ಹೊತ್ತು ಅದನ್ನೇ ಹೇಳಿಕೊಡುತ್ತಿದ್ದೇನೆ. ನನ್ನ ತರಗತಿಯಲ್ಲಿ ಕಾಣುವ ತೊಡಕುಗಳೇ ಪತ್ರಗಳಲ್ಲೂ ಇವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಫೈಲ್ ಇರಬೇಕಾದ ಜಾಗದಲ್ಲಿ ಇಲ್ಲ. ಈ ಮಾತನ್ನು ಕೆಳಗಿನ ಉತ್ತರಗಳಲ್ಲಿ ಮತ್ತೆ ಮತ್ತೆ ಹೇಳಿದ್ದೇನೆ, ಬೇಕೆಂದೇ ಹೇಳಿದ್ದೇನೆ.

ಪ್ರಶ್ನೆ: ನನ್ನ ಬಳಿ ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಇದೆ. ಇಂಟೆಲ್ ಏಳನೆಯ ತಲೆಮಾರಿನ ಪ್ರೊಸೆಸರ್, 8 ಜಿಬಿ ರ್‍ಯಾಮ್. ವಿಂಡೋಸ್ 11 ಹಾಕಲು ಹೋದರೆ ಈ ಗಣಕ ಯೋಗ್ಯವಲ್ಲ ಎನ್ನುತ್ತದೆ. ನಾನು ಕಲಿಯುತ್ತಿರುವುದು ವೆಬ್ ಅಭಿವೃದ್ಧಿ. ಅಪ್ಪ ಸಾಲ ಮಾಡಿ ಹೊಸದು ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಅಗತ್ಯವೇ?
— ಬಿ.ಸಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಬೇಡ. ಈ ಪತ್ರವನ್ನು ಇವತ್ತೇ ಅಪ್ಪನಿಗೆ ತೋರಿಸು.

ವಿಂಡೋಸ್ 11 ಕೇಳುವುದು 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯ, ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ ಮತ್ತು ಪಟ್ಟಿಯಲ್ಲಿರುವ ಪ್ರೊಸೆಸರ್. ಇಂಟೆಲ್‌ನಲ್ಲಿ ಆ ಪಟ್ಟಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನಿಂದ ಶುರುವಾಗುತ್ತದೆ. ನಿನ್ನ ಯಂತ್ರ ಒಂದು ಮೆಟ್ಟಿಲು ಕೆಳಗೆ ನಿಂತಿದೆ, ಅಷ್ಟೇ. ಅದು ಕೆಟ್ಟಿಲ್ಲ, ನಿಧಾನವೂ ಆಗಿಲ್ಲ. (ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದಿದ್ದೂ ಇದೇ ಸಂದೇಶ ಕಾಣುವವರು ಗಣಕ ಶುರುವಾಗುವಾಗ ತೆರೆಯಬಹುದಾದ ಬಯಾಸ್ ಸೆಟ್ಟಿಂಗ್‌ಗಳಿಗೆ ಹೋಗಿ ಟಿ.ಪಿ.ಎಂ. ಆಫ್ ಆಗಿದೆಯೇ ನೋಡಿ. ಇಂಟೆಲ್ ಗಣಕಗಳಲ್ಲಿ ಅದರ ಹೆಸರು ಪಿ.ಟಿ.ಟಿ. ಎಂದಿರಬಹುದು.) ತಪಾಸಣೆಯನ್ನು ದಾಟಿಸಿ 11 ಹಾಕುವ ಅಡ್ಡದಾರಿಗಳಿವೆ. ನಾನು ಅವನ್ನು ಹೇಳಿಕೊಡುವುದಿಲ್ಲ. ಹಾಗೆ ಹಾಕಿದ ಗಣಕಕ್ಕೆ ಅಪ್‌ಡೇಟ್ ಬರುತ್ತದೆಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ನಿನಗೆ ಎರಡು ದಾರಿಗಳಿವೆ. ಒಂದು, ವಿಂಡೋಸ್ 10ರಲ್ಲೇ ಉಳಿದು ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳುವುದು. ಗಣಕದ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಇದಕ್ಕೆ ಹಣ ಕೊಡಬೇಕಿಲ್ಲ. ಇದು 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ, ನಿನ್ನ ಕೋರ್ಸ್ ಅಷ್ಟರಲ್ಲಿ ಮುಗಿದಿರುತ್ತದೆ. ಎರಡನೆಯದು ನನಗೆ ಹೆಚ್ಚು ಇಷ್ಟವಾದದ್ದು: ಉಬುಂಟು 24.04 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯನ್ನು ನೇರವಾಗಿ ಆ ಲ್ಯಾಪ್‌ಟಾಪಿಗೆ ಹಾಕುವುದು. ಏಕೆಂದರೆ ವಿಂಡೋಸ್ 11ರಲ್ಲಿ ವೆಬ್ ಬರೆಯುವವರಿಗೆ ಸಿಗುವ ಅತಿ ದೊಡ್ಡ ಸೌಲಭ್ಯವೆಂದರೆ ಅದರ ಹೊಟ್ಟೆಯೊಳಗೆ ಓಡುವ ಲಿನಕ್ಸ್. 8 ಜಿಬಿ ರ್‍ಯಾಮ್‌ನಲ್ಲಿ ಎರಡು ವ್ಯವಸ್ಥೆಗಳು ಒಂದೇ ತಟ್ಟೆಯಲ್ಲಿ ಉಣ್ಣುವುದಕ್ಕಿಂತ ಒಂದೇ ಹೊಟ್ಟೆ ತುಂಬ ಉಣ್ಣಲಿ. ಕಾಲೇಜಿನ ಪರೀಕ್ಷೆಗೆ ವಿಂಡೋಸ್‌ನಲ್ಲಿ ಮಾತ್ರ ಓಡುವ ತಂತ್ರಾಂಶ ಬೇಕೇ ಎಂದು ಮೊದಲು ಮೇಷ್ಟ್ರನ್ನು ಕೇಳು. ಫೋಟೋ, ನೋಟ್ಸ್, ಪ್ರಾಜೆಕ್ಟ್ ಎಲ್ಲವನ್ನೂ ಪೆನ್‌ಡ್ರೈವ್‌ಗೆ ನಕಲು ಮಾಡಿ, ಆ ನಕಲು ಬೇರೊಂದು ಗಣಕದಲ್ಲಿ ತೆರೆಯುತ್ತದೆಯೇ ನೋಡಿದ ಮೇಲೆ ಮುಂದುವರಿ.

ಪ್ರಶ್ನೆ: ಕಚೇರಿಯಿಂದ ವಿಂಡೋಸ್ 11 ಲ್ಯಾಪ್‌ಟಾಪ್ ಸಿಕ್ಕಿದೆ, 16 ಜಿಬಿ ರ್‍ಯಾಮ್. ಡಬ್ಲ್ಯು.ಎಸ್.ಎಲ್. ಹಾಕಿಕೊಂಡೆ. ಪ್ರಾಜೆಕ್ಟ್ ನನ್ನ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿದೆ. ಎನ್.ಪಿ.ಎಂ.ನಿಂದ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಇಳಿಸಲು ಕೊಟ್ಟರೆ ಮುಗಿಯುವುದೇ ಇಲ್ಲ. ಫೈಲ್ ಉಳಿಸಿದಾಗ ಬ್ರೌಸರ್ ತಾನಾಗಿ ಹೊಸದಾಗಬೇಕು, ಅದೂ ಆಗುತ್ತಿಲ್ಲ. ಗೆಳೆಯರು ಡಬ್ಲ್ಯು.ಎಸ್.ಎಲ್. ಬರೀ ಸುದ್ದಿ, ಕೆಲಸಕ್ಕೆ ಬಾರದು ಎನ್ನುತ್ತಾರೆ.
— ಕಿರಿಯ ಎಂಜಿನಿಯರ್, ಹುಬ್ಬಳ್ಳಿ

ಉತ್ತರ: ನಿಮ್ಮ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಅವರಿಗೆ ಹಾಗೆ ಅನ್ನಿಸಿದ್ದು ಏಕೆಂದು ಗೊತ್ತು. ನನ್ನ ತರಗತಿಗೆ ಬರುವ ಹತ್ತರಲ್ಲಿ ಎಂಟು ಮಕ್ಕಳು ಇದನ್ನೇ ಮಾಡಿಕೊಂಡು ಬಂದಿರುತ್ತಾರೆ.

ಡಬ್ಲ್ಯು.ಎಸ್.ಎಲ್. ಎಂದರೆ ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಏರ್ಪಾಡು. 2016ರಲ್ಲಿ ಬಂದ ಮೊದಲ ಆವೃತ್ತಿ ಲಿನಕ್ಸ್ ಪ್ರೋಗ್ರಾಂ ಕೇಳಿದ್ದನ್ನೆಲ್ಲ ವಿಂಡೋಸ್‌ಗೆ ಅರ್ಥವಾಗುವಂತೆ ಅನುವಾದಿಸಿ ಕೊಡುತ್ತಿತ್ತು. 2020ರಲ್ಲಿ ಎಲ್ಲರ ಕೈಗೆ ಬಂದ ಎರಡನೆಯ ಆವೃತ್ತಿಯಲ್ಲಿ ಅನುವಾದವಿಲ್ಲ. ಒಂದು ಹಗುರವಾದ ಮಿಥ್ಯಾಗಣಕದಲ್ಲಿ ನಿಜವಾದ ಲಿನಕ್ಸ್ ಕರ್ನಲ್ಲೇ, ಅಂದರೆ ಲಿನಕ್ಸ್‌ನ ತಿರುಳೇ, ಓಡುತ್ತದೆ. ಅದಕ್ಕೆ ತನ್ನದೇ ಡಿಸ್ಕ್ ಇದೆ, ಆ ಡಿಸ್ಕಿನಲ್ಲಿ ಲಿನಕ್ಸ್‌ನ ಸ್ವಂತ ಎಕ್ಸ್ಟ್4 ಫೈಲ್ ವ್ಯವಸ್ಥೆ ಇದೆ. ಅಂದರೆ ಒಂದೇ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕದಲ್ಲಿ ಎರಡು ಮನೆಗಳು. ನಡುವೆ ಒಂದು ಬಾಗಿಲು.

ನೀವು ಕೆಲಸ ಮಾಡುತ್ತಿರುವುದು ಲಿನಕ್ಸ್ ಮನೆಯಲ್ಲಿ, ಸಾಮಾನು ಇಟ್ಟಿರುವುದು ವಿಂಡೋಸ್ ಮನೆಯಲ್ಲಿ. ಒಂದು ಚಮಚ ಬೇಕಾದರೂ ಬಾಗಿಲು ದಾಟಿ ಹೋಗಿ ತರಬೇಕು. ಎನ್.ಪಿ.ಎಂ. ಇಳಿಸುವುದೋ ಸಾವಿರಾರು ಸಣ್ಣ ಸಣ್ಣ ಫೈಲುಗಳು. ಒಂದೊಂದನ್ನು ತೆರೆಯುವಾಗಲೂ, ಬರೆಯುವಾಗಲೂ 9ಪಿ ಎಂಬ ನಿಯಮಾವಳಿಯ ಮೂಲಕ ಆ ಬಾಗಿಲು ದಾಟಬೇಕು. ಒಂದು ದೊಡ್ಡ ಫೈಲ್ ಆದರೆ ಗೊತ್ತಾಗುವುದಿಲ್ಲ, ಸಾವಿರಾರು ಸಣ್ಣವಾದರೆ ಚಹಾ ಮಾಡಿ ಕುಡಿದು ಬರುವಷ್ಟು ಹೊತ್ತು. ನಿಮ್ಮ ಎರಡನೆಯ ದೂರಿಗೂ ಇದೇ ಕಾರಣ. ಫೈಲ್ ಬದಲಾದಾಗ ಸುದ್ದಿ ಕೊಡುವ ಕೆಲಸ ಲಿನಕ್ಸ್‌ನಲ್ಲಿ ಕರ್ನಲ್‌ನದು. ವಿಂಡೋಸ್ ಕಡೆ ಆದ ಬದಲಾವಣೆಯ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ. ಹಾಗಾಗಿ ಬ್ರೌಸರ್ ಸುಮ್ಮನೆ ಕುಳಿತಿರುತ್ತದೆ.

ಮಾಡಬೇಕಾದದ್ದು ಇಷ್ಟು. ಪ್ರಾಜೆಕ್ಟನ್ನು ನಕಲು ಮಾಡಲು ಹೋಗಬೇಡಿ. ಲಿನಕ್ಸ್ ಟರ್ಮಿನಲ್ ತೆರೆದು, ನಿಮ್ಮ ಲಿನಕ್ಸ್ ಹೋಮ್ ಫೋಲ್ಡರ್‌ನಲ್ಲೇ ಕೋಡ್‌ನ ಆವೃತ್ತಿಗಳನ್ನು ಕಾಪಿಡುವ ಗಿಟ್‌ನಿಂದ ಹೊಸದಾಗಿ ಇಳಿಸಿಕೊಳ್ಳಿ. ಹೀಗೆ ಮಾಡಿದರೆ ಸಾಲಿನ ಕೊನೆಯ ಗುರುತಿನ ತಕರಾರೂ ತಪ್ಪುತ್ತದೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದು. ವಿಂಡೋಸ್‌ನಿಂದ ನಕಲಾದ ಶೆಲ್ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಮುಗ್ಗರಿಸುವುದಕ್ಕೆ ಬಹಳ ಸಲ ಆ ಕಣ್ಣಿಗೆ ಕಾಣದ ಹೆಚ್ಚುವರಿ ಗುರುತೇ ಕಾರಣ. ನಂತರ ಅದೇ ಫೋಲ್ಡರ್‌ನಲ್ಲಿ ನಿಂತು ಇಂಗ್ಲಿಷ್‌ನಲ್ಲಿ ಕೋಡ್ (code) ಎಂದು ಬರೆದು, ಜಾಗ ಬಿಟ್ಟು ಒಂದು ಚುಕ್ಕೆ ಇಟ್ಟು ಎಂಟರ್ ಒತ್ತಿ. ವಿ.ಎಸ್. ಕೋಡ್ ಸಂಪಾದಕದ ಕಿಟಕಿ ವಿಂಡೋಸ್‌ನಲ್ಲಿ ತೆರೆಯುತ್ತದೆ, ಕೆಲಸ ಲಿನಕ್ಸ್‌ನಲ್ಲಿ ನಡೆಯುತ್ತದೆ. ಫೈಲ್ ಎಕ್ಸ್‌ಪ್ಲೋರರ್‌ನ ಎಡಬದಿಯಲ್ಲಿ ಪೆಂಗ್ವಿನ್ ಚಿತ್ರದ ಕೆಳಗೂ ಆ ಫೈಲುಗಳು ಕಾಣುತ್ತವೆ, ಆದ್ದರಿಂದ ಕಳೆದುಹೋದವು ಎಂಬ ಭಯ ಬೇಡ.

ಇನ್ನೊಂದು ಮಾತು. ಡಬ್ಲ್ಯು.ಎಸ್.ಎಲ್.ನ್ನು ಅದರ ಪಾಡಿಗೆ ಬಿಟ್ಟರೆ ಅದು ಗಣಕದ ರ್‍ಯಾಮ್‌ನಲ್ಲಿ ಅರ್ಧದವರೆಗೆ ಬಳಸಬಹುದು. ನಿಮ್ಮ 16 ಜಿಬಿಗೆ ಅದು ಸರಿ. 8 ಜಿಬಿಯವರು ತಮ್ಮ ವಿಂಡೋಸ್ ಬಳಕೆದಾರ ಫೋಲ್ಡರ್‌ನಲ್ಲಿ ಡಬ್ಲ್ಯು.ಎಸ್.ಎಲ್. ಕಾನ್ಫಿಗ್ (.wslconfig) ಎಂಬ ಸೆಟ್ಟಿಂಗ್ ಫೈಲ್ ಇಟ್ಟು ಮೆಮೊರಿಯನ್ನು 3 ಜಿಬಿಗೆ ಮಿತಿಗೊಳಿಸಿ. ಆ ಫೈಲಿನ ಹೆಸರು ಚುಕ್ಕೆಯಿಂದ ಶುರುವಾಗಬೇಕು. ನೋಟ್‌ಪ್ಯಾಡ್ ಅದರ ಬಾಲಕ್ಕೆ ಟಿ.ಎಕ್ಸ್.ಟಿ. ಸೇರಿಸಿದೆಯೇ ಎಂದೂ ನೋಡಿಕೊಳ್ಳಿ, ಸೇರಿಸಿದ್ದರೆ ನಿಮ್ಮ ಮಿತಿ ಜಾರಿಗೆ ಬರುವುದಿಲ್ಲ.

ಪ್ರಶ್ನೆ: ಡಬ್ಲ್ಯು.ಎಸ್.ಎಲ್.ನಲ್ಲಿ ಓಡುವ ವೆಬ್‌ಸೈಟನ್ನು ಅದೇ ವೈಫೈನಲ್ಲಿರುವ ನನ್ನ ಫೋನಿನಿಂದ ನೋಡಲು ಆಗುತ್ತಿಲ್ಲ. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಕಾಣುತ್ತದೆ.
— ಫ್ರೀಲಾನ್ಸ್ ವಿನ್ಯಾಸಗಾರ್ತಿ, ಮಂಗಳೂರು

ಉತ್ತರ: ಒಳಗಿನ ಲಿನಕ್ಸ್‌ಗೆ ಬೇರೆಯದೇ ಐ.ಪಿ. ವಿಳಾಸ ಇರುತ್ತದೆ, ಫೋನಿಗೆ ಆ ವಿಳಾಸದ ದಾರಿ ಗೊತ್ತಿಲ್ಲ. ವಿಂಡೋಸ್ 11ರ 22ಎಚ್2 ಮತ್ತು ಅದಕ್ಕಿಂತ ಹೊಸ ಆವೃತ್ತಿಗಳಲ್ಲಿ ಮಿರರ್ಡ್ ಎಂಬ ಜಾಲ ವಿಧಾನವಿದೆ. ಮೇಲೆ ಹೇಳಿದ ಕಾನ್ಫಿಗ್ ಫೈಲಿನಲ್ಲೇ ಅದನ್ನು ಆರಿಸಿಕೊಂಡು ಡಬ್ಲ್ಯು.ಎಸ್.ಎಲ್.ನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡಿ. ಆಗ ಲ್ಯಾಪ್‌ಟಾಪಿನ ವಿಳಾಸವೇ ಲಿನಕ್ಸ್‌ನ ವಿಳಾಸವೂ ಆಗುತ್ತದೆ. ಆಮೇಲೂ ಫೋನಿಗೆ ಕಾಣದಿದ್ದರೆ ಹೈಪರ್-ವಿ ಫೈರ್‌ವಾಲ್ ತಡೆಯುತ್ತಿರಬಹುದು. ನಿಮ್ಮ ಪೋರ್ಟ್ ಸಂಖ್ಯೆಯೊಂದಕ್ಕೆ ಮಾತ್ರ ಒಳಬರುವ ಅನುಮತಿ ಕೊಡಿ, ಎಲ್ಲವನ್ನೂ ತೆರೆದಿಡಬೇಡಿ. ವಿಂಡೋಸ್ 10ರಲ್ಲಿ ಈ ವಿಧಾನ ಇಲ್ಲ.

ಪ್ರಶ್ನೆ: ಲಿನಕ್ಸ್‌ನೊಳಗೆ ದೊಡ್ಡ ಡೇಟಾಸೆಟ್ ಇಳಿಸಿದ್ದೆ, ಅಳಿಸಿಯೂ ಆಯಿತು. ಆದರೆ ಸಿ ಡ್ರೈವ್‌ನಲ್ಲಿ ಹೋದ ಜಾಗ ವಾಪಸು ಬಂದಿಲ್ಲ. ಉಬುಂಟುವನ್ನು ಅನ್‌ರಿಜಿಸ್ಟರ್ ಮಾಡಿದರೆ ಸರಿಹೋಗುತ್ತದೆಯೇ?
— ಎಂ.ಸಿ.ಎ. ವಿದ್ಯಾರ್ಥಿ, ಕಲಬುರಗಿ

ಉತ್ತರ: ದಯವಿಟ್ಟು ಆ ಆದೇಶವನ್ನು ಮುಟ್ಟಬೇಡಿ. ಅನ್‌ರಿಜಿಸ್ಟರ್ ಎಂದರೆ ಪಟ್ಟಿಯಿಂದ ಹೆಸರು ತೆಗೆಯುವುದಷ್ಟೇ ಎಂದು ಅನ್ನಿಸುತ್ತದೆ. ಅದು ಇಡೀ ಲಿನಕ್ಸ್ ಡಿಸ್ಕನ್ನೇ ಅಳಿಸುತ್ತದೆ, ಮರುಬಳಕೆ ಬುಟ್ಟಿಗೂ ಹಾಕುವುದಿಲ್ಲ. ನಾನು ಹೀಗೆ ಒಂದು ವಾರದ ಕೆಲಸ ಕಳೆದುಕೊಂಡಿದ್ದೇನೆ. ಗಿಟ್‌ಗೆ ಸೇರಿಸಿದ್ದೆ, ಆದರೆ ಹೊರಗಿನ ಸರ್ವರ್‌ಗೆ ತಳ್ಳಿರಲಿಲ್ಲ. ಆ ಸಂಜೆ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ನಿಮ್ಮ ಲಿನಕ್ಸ್ ಡಿಸ್ಕ್ ವಿಂಡೋಸ್ ಕಣ್ಣಿಗೆ ಒಂದೇ ದೊಡ್ಡ ಫೈಲ್. ಅದು ಅಗತ್ಯ ಬಿದ್ದಂತೆ ಹಿಗ್ಗುತ್ತದೆ, ತಾನಾಗಿ ಕುಗ್ಗುವುದಿಲ್ಲ. ಮೊದಲು ಡಬ್ಲ್ಯು.ಎಸ್.ಎಲ್.ನ ಎಕ್ಸ್‌ಪೋರ್ಟ್ ಆದೇಶದಿಂದ ಒಂದು ನಕಲನ್ನು ಹೊರಗಿನ ಡಿಸ್ಕಿಗೆ ತೆಗೆದುಕೊಳ್ಳಿ. ಆಮೇಲೆ ಅದನ್ನು ಪೂರ್ತಿ ನಿಲ್ಲಿಸಿ, ವಿಂಡೋಸ್‌ನ ಡಿಸ್ಕ್‌ಪಾರ್ಟ್ ಉಪಕರಣ ತೆರೆದು, ಆ ಫೈಲನ್ನು ವಿಡಿಸ್ಕ್ ಎಂದು ಆಯ್ದು, ಕಾಂಪ್ಯಾಕ್ಟ್ ಆದೇಶ ಕೊಡಿ. ಇದು ವಿಂಡೋಸ್‌ನ ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ.

ಪ್ರಶ್ನೆ: ಡೆವ್ ಡ್ರೈವ್ ಹಾಕಿದರೆ ಬಿಲ್ಡ್ ವೇಗವಾಗುತ್ತದೆ ಎಂದು ಓದಿದೆ. ನಾನು ಸಿ ಶಾರ್ಪ್‌ನಲ್ಲಿ ಬರೆಯುತ್ತೇನೆ, 512 ಜಿಬಿ ಎಸ್.ಎಸ್.ಡಿ. ಇದೆ. ಇರುವ ಡಿ ಡ್ರೈವನ್ನೇ ಬದಲಿಸಬಹುದೇ?
— ತಂತ್ರಾಂಶ ಎಂಜಿನಿಯರ್, ಮೈಸೂರು

ಉತ್ತರ: ಇರುವುದನ್ನು ಬದಲಿಸಲಾಗದು, ಹೊಸದಾಗಿಯೇ ಮಾಡಬೇಕು. ನಿಮ್ಮಂಥವರಿಗೆ ಅದು ಯೋಗ್ಯವಾದ ಶ್ರಮ.

2023ರಲ್ಲಿ ಬಂದ ಡೆವ್ ಡ್ರೈವ್ ಪ್ರೋಗ್ರಾಮರ್‌ಗಳಿಗೆಂದೇ ಮಾಡಿದ ಡ್ರೈವ್, ವಿಂಡೋಸ್ 10ಕ್ಕೆ ಸಿಗದೆ ವಿಂಡೋಸ್ 11ಕ್ಕೆ ಸಿಕ್ಕ ಸೌಲಭ್ಯ. ನಿಮ್ಮ ಸಿ ಡ್ರೈವ್‌ನಲ್ಲಿರುವುದು 1993ರ ವಿಂಡೋಸ್ ಎನ್.ಟಿ.ಯೊಂದಿಗೆ ಬಂದ ಎನ್.ಟಿ.ಎಫ್.ಎಸ್. ಡೆವ್ ಡ್ರೈವ್‌ನಲ್ಲಿರುವುದು ಆರ್.ಇ.ಎಫ್.ಎಸ್., ಅದು ಮೊದಲು ಕಾಣಿಸಿಕೊಂಡದ್ದು ವಿಂಡೋಸ್ ಸರ್ವರ್ 2012ರಲ್ಲಿ. ಎರಡೂ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಗಳು. ಆದರೆ ವೇಗಕ್ಕೆ ಫೈಲ್ ವ್ಯವಸ್ಥೆಯೊಂದೇ ಕಾರಣವಲ್ಲ. ಸಾಮಾನ್ಯ ಡ್ರೈವ್‌ನಲ್ಲಿ ಪ್ರತಿ ಫೈಲ್ ತೆರೆಯುವ ಮುನ್ನ ವಿಂಡೋಸ್‌ನ ವೈರಸ್ ಕಾವಲುಗಾರ ಡಿಫೆಂಡರ್ ಅದನ್ನು ತಪಾಸಣೆ ಮಾಡುತ್ತದೆ, ಅಲ್ಲಿಯವರೆಗೆ ನಿಮ್ಮ ಕಂಪೈಲರ್ ಕಾಯುತ್ತದೆ. ಡೆವ್ ಡ್ರೈವ್‌ನಲ್ಲಿ ಫೈಲ್ ಮೊದಲು ತೆರೆಯುತ್ತದೆ, ತಪಾಸಣೆ ಹಿಂದಿನಿಂದ ನಡೆಯುತ್ತದೆ. ತಪಾಸಣೆ ನಿಂತಿಲ್ಲ, ಕಾಯಿಸುವುದು ನಿಂತಿದೆ. ಜೊತೆಗೆ 24ಎಚ್2 ಆವೃತ್ತಿಯಿಂದ ಈ ಡ್ರೈವ್‌ನೊಳಗೆ ಫೈಲ್ ನಕಲು ಮಾಡಿದಾಗ ದತ್ತಾಂಶ ಎರಡನೆಯ ಸಲ ಬರೆಯಲ್ಪಡುವುದಿಲ್ಲ. ಮೂಲ ಫೈಲೂ ನಕಲೂ ಒಂದೇ ಜಾಗವನ್ನು ಹಂಚಿಕೊಂಡಿದ್ದು, ಒಂದನ್ನು ಬದಲಿಸಿದಾಗ ಆ ಭಾಗವಷ್ಟೇ ಬೇರೆಯಾಗುತ್ತದೆ. ಬಿಲ್ಡ್‌ನಲ್ಲಿ, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವಾಗ, ನಕಲು ಮಾಡುವ ಕೆಲಸವೂ ಇರುತ್ತದಲ್ಲವೇ?

ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ, ಡಿಸ್ಕ್‌ಗಳು ಮತ್ತು ವಾಲ್ಯೂಮ್‌ಗಳು ಎಂಬಲ್ಲಿ ಇದನ್ನು ಸೃಷ್ಟಿಸಬಹುದು. ಕನಿಷ್ಠ 50 ಜಿಬಿ ಬೇಕು. ಅಲ್ಲಿ ನಿಮ್ಮ ಸೋರ್ಸ್ ಕೋಡ್, ಬಿಲ್ಡ್‌ನ ಫಲಿತಾಂಶ, ನ್ಯುಗೆಟ್ ಪ್ಯಾಕೇಜುಗಳ ಸಂಗ್ರಹ ಇಡಿ. ಸಂಗ್ರಹವನ್ನು ಸಿ ಡ್ರೈವ್‌ನಲ್ಲೇ ಬಿಟ್ಟು ಸೋರ್ಸ್ ಮಾತ್ರ ಸಾಗಿಸಿದವರು ಆಮೇಲೆ ವ್ಯತ್ಯಾಸವೇ ಇಲ್ಲ ಎಂದು ಬರೆಯುತ್ತಾರೆ. ವಿಷುವಲ್ ಸ್ಟುಡಿಯೋದಂಥ ತಂತ್ರಾಂಶಗಳನ್ನು ಅಲ್ಲಿ ಸ್ಥಾಪಿಸಬೇಡಿ, ಇಂಟರ್‌ನೆಟ್‌ನಿಂದ ಇಳಿಸಿದ ಕಂಡಕಂಡ ಫೈಲುಗಳನ್ನು ಖಂಡಿತ ಅಲ್ಲಿಡಬೇಡಿ. ಆ ಡ್ರೈವ್ ನಿಮ್ಮ ಮೇಲೆ ನಂಬಿಕೆ ಇಟ್ಟು ತಪಾಸಣೆಯನ್ನು ಹಿಂದಕ್ಕೆ ಸರಿಸಿದೆ.

256 ಜಿಬಿಯ ಓದುಗರು ಇದನ್ನು ಓದಿ 50 ಜಿಬಿ ಕತ್ತರಿಸಲು ಹೊರಡಬೇಡಿ. ಲಿನಕ್ಸ್ ಒಳಗೆ ಕೆಲಸ ಮಾಡುವವರಿಗೂ ಇದರಿಂದ ಪ್ರಯೋಜನವಿಲ್ಲ, ಅವರ ಫೈಲುಗಳ ಮನೆ ಬೇರೆ.

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ 30 ಗಣಕಗಳಿಗೆ ವಿಂಡೋಸ್ 11 ಬಂದಿದೆ. ಪ್ರತಿಯೊಂದಕ್ಕೂ ಪೈಥಾನ್, ಗಿಟ್, ಜಾವಾ, ವಿ.ಎಸ್. ಕೋಡ್, ಉಬುಂಟು ಹಾಕಬೇಕು. ಇರುವುದು ನಾನೊಬ್ಬಳೇ, ಇಂಟರ್‌ನೆಟ್ ಕೂಡ ನಿಧಾನ.
— ಪಾಲಿಟೆಕ್ನಿಕ್ ಉಪನ್ಯಾಸಕಿ, ಹಾವೇರಿ

ಉತ್ತರ: ನಿಮ್ಮ ಪತ್ರ ಓದಿ ಬಹಳ ಹೊತ್ತು ಯೋಚಿಸಿದೆ. ನಿಮ್ಮ ರಜಾದಿನಗಳು ಒತ್ತುಗುಂಡಿಗಳನ್ನು ಒತ್ತುವುದರಲ್ಲೇ ಕಳೆದುಹೋಗಬಾರದು.

ಒಂದು ಗಣಕವನ್ನು ಮಾದರಿಯಾಗಿ ಸಿದ್ಧಪಡಿಸಿ. ವಿನ್‌ಗೆಟ್ ಎಂಬ ಆದೇಶ ವಿಂಡೋಸ್‌ನೊಂದಿಗೇ ಬರುತ್ತದೆ. ಅದರ ಎಕ್ಸ್‌ಪೋರ್ಟ್ ಆ ಗಣಕದಲ್ಲಿರುವ ತಂತ್ರಾಂಶಗಳ ಪಟ್ಟಿಯನ್ನು ಒಂದು ಫೈಲಿಗೆ ಬರೆಯುತ್ತದೆ. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಬೇಡವಾದವನ್ನು ಅಳಿಸಿ. ಬೇರೆ ಗಣಕದಲ್ಲಿ ಇಂಪೋರ್ಟ್ ಕೊಟ್ಟರೆ ಅದು ಒಂದೊಂದನ್ನೇ ಹಾಕಿಕೊಂಡು ಹೋಗುತ್ತದೆ. ಆದರೆ 30 ಗಣಕಗಳೂ ಒಟ್ಟಿಗೆ ಇಳಿಸಲು ಹೊರಟರೆ ನಿಮ್ಮ ಇಂಟರ್‌ನೆಟ್ ತಡೆಯುವುದಿಲ್ಲ. ದೊಡ್ಡ ತಂತ್ರಾಂಶಗಳಿಗೆ ವಿನ್‌ಗೆಟ್‌ನ ಡೌನ್‌ಲೋಡ್ ಆದೇಶ ಬಳಸಿ ಸ್ಥಾಪಕ ಫೈಲುಗಳನ್ನು ಒಮ್ಮೆ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ.

ಉಬುಂಟುವಿಗೆ ಇನ್ನೂ ಒಳ್ಳೆಯ ದಾರಿ ಇದೆ. ಮಾದರಿ ಗಣಕದಲ್ಲಿ ಉಬುಂಟುವನ್ನು ಪೂರ್ತಿ ಸಜ್ಜುಗೊಳಿಸಿ, ಕಂಪೈಲರ್, ಡೇಟಾಬೇಸ್ ಎಲ್ಲ ಹಾಕಿ, ಎಕ್ಸ್‌ಪೋರ್ಟ್ ಮಾಡಿ. ಒಂದೇ ಫೈಲ್ ಸಿಗುತ್ತದೆ. ಉಳಿದ ಗಣಕಗಳಲ್ಲಿ ಉಬುಂಟುವಿನಂಥ ಯಾವ ಲಿನಕ್ಸ್ ವಿತರಣೆಯೂ ಇಲ್ಲದೆ ಡಬ್ಲ್ಯು.ಎಸ್.ಎಲ್. ಮಾತ್ರ ಸ್ಥಾಪಿಸಿ, ಈ ಫೈಲನ್ನು ಇಂಪೋರ್ಟ್ ಮಾಡಿ. ಇಂಟರ್‌ನೆಟ್‌ನಿಂದ ಉಬುಂಟುವನ್ನು ಮತ್ತೆ ಇಳಿಸಬೇಕಿಲ್ಲ. ಇಲ್ಲೊಂದು ಸೂಕ್ಷ್ಮವಿದೆ: ಹೀಗೆ ತಂದ ಉಬುಂಟು ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಾಗಿ ತೆರೆದುಕೊಳ್ಳುತ್ತದೆ. ಮಕ್ಕಳ ಕೈಗೆ ರೂಟ್ ಕೊಡಬಾರದು. ಎಕ್ಸ್‌ಪೋರ್ಟ್‌ಗೆ ಮುನ್ನವೇ ಲಿನಕ್ಸ್ ಒಳಗಿನ ಇ.ಟಿ.ಸಿ. ಫೋಲ್ಡರ್‌ನ ಡಬ್ಲ್ಯು.ಎಸ್.ಎಲ್. ಕಾನ್ಫ್ (wsl.conf) ಫೈಲಿನಲ್ಲಿ ಸಾಮಾನ್ಯ ಬಳಕೆದಾರನ ಹೆಸರನ್ನು ಬರೆದಿಡಿ.

ಯಾವುದಾದರೂ ಗಣಕ 0x80370102 ಎಂಬ ದೋಷ ಸಂಖ್ಯೆ ತೋರಿಸಿದರೆ ಅದರ ಬಯಾಸ್‌ನಲ್ಲಿ ಮಿಥ್ಯಾಗಣಕಕ್ಕೆ ಬೇಕಾದ ವರ್ಚುವಲೈಸೇಷನ್ ಆಫ್ ಆಗಿರುವ ಸಾಧ್ಯತೆ ಹೆಚ್ಚು. ಗಣಕಗಳನ್ನು ಹಂಚುವ ಮೊದಲೇ ಮೂವತ್ತರಲ್ಲೂ ಅದನ್ನು ನೋಡಿಕೊಳ್ಳಿ, ಕೊನೆಯ ಗಳಿಗೆಯಲ್ಲಿ ಅಲ್ಲ.

ಪ್ರಶ್ನೆ: ವಿಂಡೋಸ್‌ಗೂ ಸುಡೊ ಬಂದಿದೆಯಂತೆ. ವಿಂಡೋಸ್ 11ರಲ್ಲಿ ಐಫೋನ್ ಆ್ಯಪ್ ಕೂಡ ಮಾಡಬಹುದೇ?
— ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಉತ್ತರ: ಒಂದು ಆದೇಶವನ್ನು ನಿರ್ವಾಹಕರ ಅಧಿಕಾರದಿಂದ ಓಡಿಸುವ ಸುಡೊ 24ಎಚ್2 ಆವೃತ್ತಿಯಿಂದ ಇದೆ, ಆದರೆ ಆಫ್ ಸ್ಥಿತಿಯಲ್ಲಿರುತ್ತದೆ. ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಅದನ್ನು ಆನ್ ಮಾಡಬೇಕು. ಟರ್ಮಿನಲ್ಲಿನಲ್ಲೇ ಬಳಸುವ ಸರಳವಾದ ಎಡಿಟ್ ಎಂಬ ಸಂಪಾದಕವೂ ಈಗ ಬಂದಿದೆ, 250 ಕೆಬಿಗಿಂತ ಚಿಕ್ಕದು. ಇದ್ದರೆ ಅನುಕೂಲ, ಇಲ್ಲದಿದ್ದರೆ ನಷ್ಟವಿಲ್ಲ. ಐಫೋನ್ ಆ್ಯಪ್ ಸಿದ್ಧಪಡಿಸಲು ಎಕ್ಸ್‌ಕೋಡ್ ಬೇಕು, ಅದು ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ. ಆಂಡ್ರಾಯ್ಡ್‌ನಿಂದ ಶುರು ಮಾಡಿ.

ಪ್ರಶ್ನೆ: ಕನ್ನಡ ಪದಬಂಧ ತಯಾರಿಸುವ ಪೈಥಾನ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಹಳೆಯ ಕಪ್ಪು ಕಿಟಕಿಯಲ್ಲಿ ಚೌಕಗಳು ಕಾಣುತ್ತಿದ್ದವು. ವಿಂಡೋಸ್ 11ರ ಟರ್ಮಿನಲ್ಲಿನಲ್ಲಿ ಅಕ್ಷರ ಬರುತ್ತದೆ, ಆದರೆ ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಫೈಲಿನಿಂದ ಓದಿದ ಪದಗಳು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ‘ಕರ್ನಾಟಕ’ ಪದದ ಉದ್ದ 7 ಎನ್ನುತ್ತದೆ. ತಪ್ಪು ಎಲ್ಲಿದೆ?
— ಶಾಲಾ ಶಿಕ್ಷಕ, ಕಾಸರಗೋಡು

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ನಿಮ್ಮದು. ನೀವು ಕೇಳಿರುವುದು ಒಂದಲ್ಲ, ಮೂರು ಪ್ರಶ್ನೆ.

ಮೊದಲನೆಯದು ತೋರಿಕೆಯದು. ಹಳೆಯ ಕಿಟಕಿಗೆ ತಾನು ಹಿಡಿದ ಫಾಂಟ್‌ನಲ್ಲಿ ಕನ್ನಡವಿಲ್ಲದಿದ್ದರೆ ಬೇರೆ ಫಾಂಟ್ ಹುಡುಕಿಕೊಳ್ಳುವುದು ಗೊತ್ತಿರಲಿಲ್ಲ. ವಿಂಡೋಸ್ 11ರ ಟರ್ಮಿನಲ್ ನಿರ್ಮಲಾ ಫಾಂಟ್‌ಗೆ ಹೋಗಿ ಅಕ್ಷರ ತರುತ್ತದೆ. ಆದರೆ ಟರ್ಮಿನಲ್ ಎಂಬುದೇ ಒಂದೇ ಅಗಲದ ಚೌಕಗಳ ಹಾಳೆ. ‘ಸ್ತ್ರೀ’ಯಂಥ ಅಕ್ಷರವನ್ನು ಒಂದು ಚೌಕದಲ್ಲಿ ಕೂರಿಸುವುದು ಕಷ್ಟ. ಆದ್ದರಿಂದ ಟರ್ಮಿನಲ್ಲಿನಲ್ಲಿ ಕಂಡದ್ದನ್ನು ನೋಡಿ ನಿಮ್ಮ ಪ್ರೋಗ್ರಾಂ ತಪ್ಪೆಂದು ತೀರ್ಮಾನಿಸಬೇಡಿ. ಫಲಿತಾಂಶವನ್ನು ಫೈಲಿಗೆ ಬರೆದು ನೋಟ್‌ಪ್ಯಾಡ್‌ನಲ್ಲೋ ಬ್ರೌಸರ್‌ನಲ್ಲೋ ನೋಡಿ.

ಎರಡನೆಯದು ಓದುವ ತಪ್ಪು, ಇದು ನಿಜವಾದ ತಪ್ಪು. ವಿಂಡೋಸ್‌ನಲ್ಲಿ ಪೈಥಾನ್ ಫೈಲನ್ನು ತೆರೆಯುವಾಗ ನೀವು ಏನೂ ಹೇಳದಿದ್ದರೆ ಸಾಮಾನ್ಯವಾಗಿ 1252 ಎಂಬ ಪಶ್ಚಿಮ ಯುರೋಪಿನ ಸಂಕೇತ ಪಟ್ಟಿಯನ್ನು ಹಿಡಿಯುತ್ತದೆ. ಒಂದೊಂದು ಕನ್ನಡ ಸಂಕೇತವೂ ಯು.ಟಿ.ಎಫ್.-8ರಲ್ಲಿ ಮೂರು ಬೈಟ್. ಆ ಮೂರನ್ನೂ ಅದು ಮೂರು ಯುರೋಪಿನ ಅಕ್ಷರಗಳೆಂದು ಓದುತ್ತದೆ, ಇಲ್ಲವೇ ದೋಷ ತೋರಿಸಿ ನಿಲ್ಲುತ್ತದೆ. ಓಪನ್ ಎಂದು ಬರೆಯುವಲ್ಲೆಲ್ಲ ಎನ್‌ಕೋಡಿಂಗ್ ಯು.ಟಿ.ಎಫ್.-8 ಎಂದು ಸ್ಪಷ್ಟವಾಗಿ ಬರೆಯಿರಿ. ಲಿನಕ್ಸ್‌ನಲ್ಲಿ ಬರೆಯದಿದ್ದರೂ ನಡೆಯುತ್ತದೆ, ಆದ್ದರಿಂದಲೇ ಅಲ್ಲಿ ಸರಿಯಿದ್ದ ಪ್ರೋಗ್ರಾಂ ಇಲ್ಲಿ ಕೆಡುತ್ತದೆ.

ಮೂರನೆಯದು ತಪ್ಪೇ ಅಲ್ಲ. ‘ಕರ್ನಾಟಕ’ದಲ್ಲಿ ಕ, ರ, ಹಲಂತದ ಗುರುತು, ನ, ದೀರ್ಘದ ಗುರುತು, ಟ, ಕ ಎಂದು ಏಳು ಯುನಿಕೋಡ್ ಸಂಕೇತಗಳಿವೆ. ಪೈಥಾನ್ ಅವನ್ನು ಎಣಿಸಿತು. ಪದಬಂಧಕ್ಕೆ ಬೇಕಾದದ್ದು ಕ, ರ್ನಾ, ಟ, ಕ ಎಂಬ ನಾಲ್ಕು ಮನೆ. ಅದಕ್ಕೆ ನೀವೇ ನಿಯಮ ಬರೆಯಬೇಕು: ವ್ಯಂಜನದ ನಂತರ ಹಲಂತ ಬಂದು ಅದರ ಮುಂದೆ ಮತ್ತೊಂದು ವ್ಯಂಜನವಿದ್ದರೆ ಎರಡನ್ನೂ ಬೆಸೆಯಿರಿ. ಸ್ವರದ ಗುರುತು, ಅನುಸ್ವಾರ, ವಿಸರ್ಗ ಬಂದರೆ ಹಿಂದಿನ ಅಕ್ಷರಕ್ಕೇ ಸೇರಿಸಿ. ಇನ್ನೂ ಎರಡು ಎಚ್ಚರಗಳಿವೆ. ‘ಕೊ’ ಎಂಬುದನ್ನು ಒಂದೇ ಗುರುತಿನಿಂದಲೂ ಬರೆಯಬಹುದು, ಎತ್ವ ಮತ್ತು ಊ ಗುರುತುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. ಪದಗಳನ್ನು ಓದಿದ ಕೂಡಲೇ ಇಂಥ ಜೋಡಿಗಳನ್ನು ಒಂದೇ ಗುರುತಾಗಿಸುವ ಎನ್.ಎಫ್.ಸಿ. ಎಂಬ ಯುನಿಕೋಡ್ ರೂಪಕ್ಕೆ ತನ್ನಿ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಒತ್ತು ಬೀಳದಂತೆ ತಡೆಯುವ ಅದೃಶ್ಯ ಸಂಕೇತವೂ ಇರುತ್ತದೆ. ಅದನ್ನು ಮನೆಯೆಂದು ಎಣಿಸಬೇಡಿ, ಆದರೆ ಅಕ್ಷರಗಳನ್ನು ಬೇರ್ಪಡಿಸುವ ಮೊದಲೇ ಕಿತ್ತುಹಾಕಲೂ ಬೇಡಿ. ಕಿತ್ತರೆ ಪದ ‘ಸಾಫ್ಟ್ವೇರ್’ ಆಗಿಬಿಡುತ್ತದೆ. ಪ್ರೋಗ್ರಾಂ ಮುಗಿದ ಮೇಲೆ ಒಂದು ಪದಬಂಧವನ್ನು ನನಗೆ ಕಳಿಸಿ.

ಪ್ರಶ್ನೆ: 2003ರಲ್ಲಿ ನಮ್ಮ ಸಹಕಾರ ಸಂಘಕ್ಕೆ ವಿಷುವಲ್ ಬೇಸಿಕ್ 6ರಲ್ಲಿ ಲೆಕ್ಕದ ತಂತ್ರಾಂಶ ಬರೆದುಕೊಟ್ಟೆ. ಎಕ್ಸ್‌ಪಿ ಗಣಕ ಕೊನೆಗೂ ಕೈಕೊಟ್ಟಿತು. ಹೊಸ ವಿಂಡೋಸ್ 11 ಗಣಕದಲ್ಲಿ ತಂತ್ರಾಂಶ ತೆರೆಯುತ್ತದೆ. ಆದರೆ ಬೆಳಗಿನ ಗುಮಾಸ್ತರು ಬರೆದ ಲೆಕ್ಕ ಮಧ್ಯಾಹ್ನದವರಿಗೆ ಕಾಣುವುದಿಲ್ಲ. ಇಬ್ಬರದೂ ಬೇರೆ ಬೇರೆ ಲಾಗಿನ್. ಹೊಸದಾಗಿ ಬರೆಯಬೇಕೇ?
— ನಿವೃತ್ತ ಕಾರ್ಯದರ್ಶಿ, ಶಿರಸಿ

ಉತ್ತರ: ಸದ್ಯಕ್ಕೆ ಬೇಡ. ಇಪ್ಪತ್ತು ವರ್ಷ ದುಡಿದ ನಿಮ್ಮ ಪ್ರೋಗ್ರಾಂಗೆ ನನ್ನ ಗೌರವ.

ವಿಷುವಲ್ ಬೇಸಿಕ್ 6ರಲ್ಲಿ ಬರೆಯುವ ಉಪಕರಣಕ್ಕೆ ಬೆಂಬಲ 2008ರಲ್ಲೇ ನಿಂತಿದೆ. ಆದರೆ ಅದರಲ್ಲಿ ಬರೆದ ಪ್ರೋಗ್ರಾಂ ಓಡಲು ಬೇಕಾದ ರನ್‌ಟೈಮ್ ವಿಂಡೋಸ್ 11ರಲ್ಲೂ ಇದೆ, ಅದಕ್ಕೆ ಬೆಂಬಲವೂ ಇದೆ. 16 ಬಿಟ್‌ನ ಇನ್ನೂ ಹಳೆಯ ಪ್ರೋಗ್ರಾಂಗಳು ಓಡುವುದಿಲ್ಲ.

ನಿಮ್ಮ ಲೆಕ್ಕ ಕಳೆದುಹೋಗಿಲ್ಲ. ದತ್ತಾಂಶದ ಫೈಲನ್ನು ನೀವು ತಂತ್ರಾಂಶದ ಪಕ್ಕದಲ್ಲೇ, ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನೊಳಗೆ ಇಟ್ಟಿದ್ದೀರಿ. ಎಕ್ಸ್‌ಪಿ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದೆವು. ವಿಸ್ಟಾದಿಂದೀಚೆಗೆ ಸಾಮಾನ್ಯ ಬಳಕೆದಾರರು ಅಲ್ಲಿ ಬರೆಯುವಂತಿಲ್ಲ. ಹಳೆಯ ಪ್ರೋಗ್ರಾಂ ಬರೆಯಲು ಹೋದರೆ ವಿಂಡೋಸ್ ಅದನ್ನು ತಡೆದು ನಿಲ್ಲಿಸದೆ, ಆ ಬಳಕೆದಾರನ ಸ್ವಂತ ಆ್ಯಪ್‌ಡೇಟಾ ಫೋಲ್ಡರ್‌ನ ವರ್ಚುವಲ್‌ಸ್ಟೋರ್ ಎಂಬಲ್ಲಿ ಒಂದು ಪ್ರತಿ ಮಾಡಿ ಅದರಲ್ಲಿ ಬರೆಸುತ್ತದೆ. ಬೆಳಗಿನವರದು ಒಂದು ಖಾತೆಪುಸ್ತಕ, ಮಧ್ಯಾಹ್ನದವರದು ಇನ್ನೊಂದು. ಇವತ್ತೇ ಕೆಲಸ ನಿಲ್ಲಿಸಿ, ಎರಡೂ ಪ್ರತಿಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಟ್ಟು, ಯಾವ ನಮೂದು ಎಲ್ಲಿದೆ ಎಂದು ಕುಳಿತು ಒಂದುಗೂಡಿಸಿ. ಆಮೇಲೆ ಇಬ್ಬರಿಗೂ ಬರೆಯುವ ಅನುಮತಿ ಇರುವ ಒಂದು ಹೊಸ ಫೋಲ್ಡರ್‌ನ್ನು ಪ್ರೋಗ್ರಾಂ ಫೈಲ್ಸ್‌ನ ಹೊರಗೆ ಮಾಡಿ ದತ್ತಾಂಶವನ್ನು ಅಲ್ಲಿಡಿ. ದಾರಿಯನ್ನು ಪ್ರೋಗ್ರಾಂ ಒಳಗೇ ಬರೆದಿದ್ದರೆ ಇಡೀ ತಂತ್ರಾಂಶವನ್ನೇ ಆ ಫೋಲ್ಡರ್‌ಗೆ ಸಾಗಿಸಿ.

ಮುಂದೆ ಎಂದಾದರೂ ಹೊಸದಾಗಿ ಬರೆಯುವುದಾದರೆ ದೊಡ್ಡ ಕೆಲಸ ಲೆಕ್ಕದ್ದಲ್ಲ, ಕನ್ನಡದ್ದು. ವಿಷುವಲ್ ಬೇಸಿಕ್ 6ರ ಸಾಮಾನ್ಯ ಪಠ್ಯಪೆಟ್ಟಿಗೆಗಳಿಗೆ ಯುನಿಕೋಡ್ ಕನ್ನಡ ಬರುವುದಿಲ್ಲ, ಆದ್ದರಿಂದ ನೀವು ಆ ಕಾಲದ ನುಡಿಯಂಥ ಫಾಂಟ್ ಬಳಸಿ ಸದಸ್ಯರ ಹೆಸರುಗಳನ್ನು ತುಂಬಿರಬೇಕು. ಅವುಗಳಲ್ಲಿ ಉಳಿದಿರುವುದು ಅಕ್ಷರಗಳ ಆಕಾರದ ಸಂಕೇತಗಳು. ಯುನಿಕೋಡ್‌ಗೆ ತರುವ ಪರಿವರ್ತಕಗಳು ಇವೆ. ಆದರೆ ಆ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ಬಲಗಡೆ ಕೂರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ಹೆಸರೇ ಕೆಡುತ್ತದೆ. ಪರಿವರ್ತಿಸಿದ ಪಟ್ಟಿಯಲ್ಲಿ ಪಾರ್ವತಿ, ದುರ್ಗಪ್ಪ, ಸೂರ್ಯನಾರಾಯಣ ಎಂಬ ಹೆಸರುಗಳನ್ನು ಮೊದಲು ಹುಡುಕಿ ಓದಿ. ಅವು ಸರಿಯಾಗಿ ಬಂದಿದ್ದರೆ ಉಳಿದವನ್ನು ನೋಡಲು ಶುರು ಮಾಡಿ.